ಮೈಗಾವಲು

ಕಳೆದ ತಿಂಗಳು ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ‘ರೋಗನಿರೋಧಕ’ ಎಂಬ ಪದವನ್ನು ಬಿಡಿಸಿ ಬರೆದು ಸಮಾಸವನ್ನು ಹೆಸರಿಸಿರಿ ಎಂಬುದು ಪ್ರಶ್ನೆ. ರೋಗವನ್ನು ನಿರೋಧಿಸತಕ್ಕದ್ದು, ತತ್ಪುರುಷ, ಎಂದು ಬರೆದಿದ್ದರೆ ಆಗಿಹೋಗುತ್ತಿತ್ತು. ಒಬ್ಬ ಹುಡುಗ ಮಾತ್ರ ‘ರೋಗವೇ ನಿರೋಧಕವಾಗಿ ಉಳ್ಳದ್ದು ಯಾವುದೋ ಅದು’ ಎಂದು ಬಿಡಿಸಿ ಬಹುವ್ರೀಹಿಯನ್ನು ಮಾಡಿ ಕೂರಿಸಿದ್ದ. ಕೆಂಪು ಮಸಿಯಿಂದ ಗೆರೆ ಎಳೆದು ಅಂಕ ಕಳೆದೆ. ಮಾರನೆಯ ದಿನ ಅವನನ್ನು ನಿಲ್ಲಿಸಿ, “ಸಮಾಸ ಹಾಗಿರಲಿ, ಆ ಶಕ್ತಿ ಇರುವುದಾದರೂ ಎಲ್ಲಿ, ಅದನ್ನು ಹೇಳು” ಎಂದೆ. “ಬಾಟಲಿಯಲ್ಲಿ ಸಾರ್” ಎಂದ.

ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ನಗಲಿಲ್ಲ. ಅವನು ಕಂಡದ್ದನ್ನೇ ಹೇಳಿದ್ದ. ಮನೆಯಲ್ಲಿ ಟೆಲಿವಿಷನ್ನು ಹಚ್ಚಿದರೆ ಅದೇ ಮಾತು, ಔಷಧದ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದೇ ಮಾತು. ಡಬ್ಬಿಯ ಪುಡಿ, ಸೀಸೆಯ ಪಾನಕ, ಮಾತ್ರೆ, ಲೇಹ್ಯ, ಎಲ್ಲದರ ಮೇಲೂ ‘ಇಮ್ಯುನಿಟಿ ಬೂಸ್ಟರ್’ ಎಂಬ ಬಿರುದು. ಎಂಟು ದಿನ ಸೇವಿಸಿರಿ, ಶಕ್ತಿ ಇಮ್ಮಡಿಯಾಗುತ್ತದೆ ಎಂಬ ಭರವಸೆ ಬೇರೆ. ಹುಡುಗನಿಗೆ ಅಂದು ನಾನು ಕೊಟ್ಟ ಉತ್ತರ ಐದು ನಿಮಿಷದ್ದು. ಇಂದು ಅದನ್ನೇ ಸ್ವಲ್ಪ ಬಿಡುವಾಗಿ ನಿಮ್ಮ ಮುಂದೆ ಇಡುತ್ತೇನೆ. ನಾನು ವೈದ್ಯನಲ್ಲ, ಕನ್ನಡದ ಪಂಡಿತ. ಆದರೂ ಈ ವಿಷಯದಲ್ಲಿ ಮಾತನಾಡುವುದಕ್ಕೆ ನನಗೊಂದು ಕಾರಣವುಂಟು. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕೊಡಿಗೇನಹಳ್ಳಿ ಮಧುಗಿರಿ ತಾಲ್ಲೂಕಿನ ಒಂದು ಹೋಬಳಿಯ ಊರು. ಆಂಧ್ರದ ಗಡಿಗೆ ಸಮೀಪ. ಮಾತಿನಲ್ಲಿ ಕನ್ನಡದ ಜೊತೆಗೆ ತೆಲುಗು ಸರಾಗವಾಗಿ ಬೆರೆಯುತ್ತದೆ. ಹತ್ತಿರದಲ್ಲಿ ಜಯಮಂಗಲಿ ಹರಿಯುತ್ತಾಳೆ. ಹರಿಯುತ್ತಾಳೆ ಎಂದರೆ ಮಳೆ ಚೆನ್ನಾಗಿ ಆದ ವರ್ಷ. ಮಿಕ್ಕ ವರ್ಷಗಳಲ್ಲಿ ಮರಳು. ಇಂಥ ಬರಡು ಸೀಮೆಯಲ್ಲಿ ಹಿಂದಿನವರು ಹೇಗೆ ಬಾಳಿದರು ಎಂದು ಕೇಳಿದರೆ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಿರಿಯರು ತಲಪರಿಗೆಯ ಹೆಸರು ಹೇಳುತ್ತಾರೆ. ಪಟ್ಟಣದ ಓದುಗರಿಗೆ ಆ ಪದ ಹೊಸದಿರಬಹುದು. ಮರಳು ನೆಲದಲ್ಲಿ ಆಳವಿಲ್ಲದೆ ತೋಡಿದ ಗುಂಡಿ, ಅದರೊಳಗೆ ತಾನಾಗಿ ಒಸರುವ ನೀರು, ಆ ನೀರನ್ನು ಹೊಲಕ್ಕೆ ಒಯ್ಯುವ ಪುಟ್ಟ ಕಾಲುವೆ, ಇಷ್ಟೇ. ಯಂತ್ರವಿಲ್ಲ, ಏತವಿಲ್ಲ. ಆದರೆ ವರ್ಷ ವರ್ಷವೂ ಹೂಳು ತೆಗೆಯಬೇಕು, ಕಾಲುವೆಯ ಕಳೆ ಕೀಳಬೇಕು. ಒಂದೆರಡು ವರ್ಷ ಕೈಬಿಟ್ಟರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಕೊಳವೆಬಾವಿ ಬಂದ ಮೇಲೆ ಇದರ ಗೊಡವೆ ಯಾರಿಗೂ ಬೇಡವಾಯಿತು. ನೀರು ಬೇಕೆಂದು ತೋರಿದ ದಿನ ಯಂತ್ರ ತರಿಸಿ ನೂರಾರು ಅಡಿ ಕೊರೆಯಿಸುವುದು ರೂಢಿಯಾಯಿತು. ಮೈಯ ಕಾವಲಿನ ವಿಷಯದಲ್ಲಿ ನಾವು ಮಾಡುತ್ತಿರುವುದೂ ಇದನ್ನೇ. ನಿತ್ಯ ಒಸರುವ ಒಂದು ಊಟೆಯ ಹೂಳು ತೆಗೆಯುವುದನ್ನು ಬಿಟ್ಟು, ಕಾಯಿಲೆಯ ಸುದ್ದಿ ಬಂದ ದಿನ ಕೊಳವೆಬಾವಿ ಕೊರೆಯಲು ಹೊರಡುತ್ತೇವೆ.

ಈ ಕಾವಲು ಎಂಬುದೇನು? ಹೊರಬಾಗಿಲಲ್ಲಿ ಚರ್ಮ. ಕಣ್ಣೀರು, ಜೊಲ್ಲು, ಮೂಗಿನ ಸಿಂಬಳ ಇವೂ ಕಾವಲುಗಾರರೇ. ಕಣ್ಣೀರಿನಲ್ಲಿಯೂ ಜೊಲ್ಲಿನಲ್ಲಿಯೂ ಕ್ರಿಮಿಗಳ ಮೈಯನ್ನು ಒಡೆಯುವ ಒಂದು ವಸ್ತುವಿದೆ. ಜಠರದಲ್ಲಿ ಆಮ್ಲ. ಇವನ್ನು ದಾಟಿ ಬಂದ ಶತ್ರುವಿಗೆ ರಕ್ತದ ಬಿಳಿಯ ಕಣಗಳು ಎದುರಾಗುತ್ತವೆ. ೧೮೮೨ರಲ್ಲಿ ಸಿಸಿಲಿಯ ಮೆಸ್ಸಿನಾ ಪಟ್ಟಣದಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಳಕ್ಕೆ ಒಂದು ಮುಳ್ಳನ್ನು ಚುಚ್ಚಿ ಇಟ್ಟ. ಮಾರನೆಯ ಬೆಳಗ್ಗೆ ನೋಡುತ್ತಾನೆ, ಎಲ್ಲಿಂದಲೋ ಹರಿದುಬಂದ ಕಣಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿ ಕುಳಿತಿವೆ. ಕಾಲಿಗೆ ಚುಚ್ಚಿದ ಮುಳ್ಳಿನ ಸುತ್ತ ಕೀವು ಕಟ್ಟುವುದನ್ನು ನಾವೆಲ್ಲ ಕಂಡವರೇ. ಅದರ ಅರ್ಥವನ್ನು ಕಂಡವನು ಆತ. ೧೯೦೮ರಲ್ಲಿ ಅವನಿಗೂ ಜರ್ಮನಿಯ ಎರ್ಲಿಕ್‌ಗೂ ಸೇರಿ ನೊಬೆಲ್ ಪಾರಿತೋಷಕ ಬಂದಿತು. ನುಂಗುವ ಕಣಗಳಲ್ಲದೆ, ಶತ್ರುವಿನ ಆಕಾರಕ್ಕೆ ಸರಿಯಾಗಿ ಬೀಗಕ್ಕೆ ಕೀಲಿಯಂತೆ ಕೂರುವ ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಬೇರೆ ಇವೆ. ಒಮ್ಮೆ ಕಂಡ ಶತ್ರುವನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಕಣಗಳೂ ಇವೆ.

ಇಲ್ಲೊಂದು ಮಾತನ್ನು ಗಮನಿಸಬೇಕು. ಈ ಕಾವಲು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯತಕ್ಕದ್ದಲ್ಲ. ಕಾವಲುಗಾರನಿಗೆ ಮದ ಏರಿ ಮನೆಯವರನ್ನೇ ಬಡಿಯತೊಡಗಿದರೆ ಏನಾಗುತ್ತದೆ? ಧೂಳಿಗೆ ಸಿಡಿದೇಳುವ ಗೂರಲು, ಕೀಲುಕೀಲನ್ನು ತಿನ್ನುವ ಒಂದು ಬಗೆಯ ಸಂಧಿವಾತ, ಇವು ಅಂಥವೇ. ಆದ್ದರಿಂದ ಶಕ್ತಿಯನ್ನು ‘ಏರಿಸುವ’ ಮಾತೇ ತಪ್ಪು. ಅದು ಸಮಸ್ಥಿತಿಯಲ್ಲಿ ಎಚ್ಚರವಾಗಿರುವಂತೆ ನೋಡಿಕೊಳ್ಳಬೇಕು. ನಮ್ಮ ಹಳೆಯ ವೈದ್ಯಗ್ರಂಥವಾದ ಚರಕಸಂಹಿತೆ ಬಲವನ್ನು ಮೂರು ವಿಧವಾಗಿ ಹೇಳುತ್ತದೆ: ಹುಟ್ಟಿನಿಂದ ಬಂದ ಸಹಜ ಬಲ, ಋತು ವಯಸ್ಸುಗಳಿಂದ ಬರುವ ಕಾಲಜ ಬಲ, ನಮ್ಮ ನಡವಳಿಕೆಯಿಂದ ನಾವೇ ಮಾಡಿಕೊಳ್ಳುವ ಯುಕ್ತಿಕೃತ ಬಲ. ಮೊದಲನೆಯ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಇದೆ. ಆಹಾರ, ನಿದ್ರೆ, ಸಂಯಮ ಎಂಬ ಮೂರನ್ನು ದೇಹಕ್ಕೆ ಆತು ನಿಲ್ಲುವ ಕಂಬಗಳೆಂದೂ ಆ ಗ್ರಂಥ ಕರೆಯುತ್ತದೆ. ಇಂದಿನ ವಿಜ್ಞಾನಕ್ಕೂ ಆ ಕಂಬಗಳ ವಿಷಯದಲ್ಲಿ ಜಗಳವೇನೂ ಇಲ್ಲ.

ಆಹಾರದಿಂದಲೇ ಆರಂಭಿಸೋಣ. ಕಾವಲುಗಾರರ ಕಣಗಳು, ಅವು ಬಳಸುವ ಪ್ರತಿಕಾಯಗಳು, ಎಲ್ಲವೂ ನಾವು ತಿಂದ ಅನ್ನದಿಂದಲೇ ಆಗಬೇಕು; ಪ್ರತಿಕಾಯವೆಂಬುದು ಸಸಾರಜನಕದ, ಎಂದರೆ ಪ್ರೋಟೀನಿನ, ಒಂದು ರೂಪ. ಉಣ್ಣದ ಸೈನ್ಯ ಕಾದುವುದಿಲ್ಲ. ಇದಕ್ಕೆ ಈಚೆಗೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ಪ್ರಮಾಣ ದೊರೆಯಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡದಲ್ಲಿ ೨೮೦೦ ಮಂದಿ ಕ್ಷಯರೋಗಿಗಳ ಮನೆಗಳನ್ನು ಆರಿಸಿಕೊಂಡರು. ರೋಗಿಗಳಿಗೆಲ್ಲ ಔಷಧದ ಜೊತೆಗೆ ಆಹಾರ ಕೊಟ್ಟರು. ಆದರೆ ಒಂದು ಪಾಲಿನ ಮನೆಗಳಲ್ಲಿ, ರೋಗಿಯ ಜೊತೆ ಒಂದೇ ಸೂರಿನಡಿ ಬಾಳುವ ಇತರರಿಗೂ ಆಹಾರ ಕೊಟ್ಟರು: ದೊಡ್ಡವರೊಬ್ಬರಿಗೆ ತಿಂಗಳಿಗೆ ೫ ಕಿಲೋ ಅಕ್ಕಿ, ೧.೫ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ವಗಳ ಮಾತ್ರೆ. ೨೦೨೩ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಾಗೆ ಉಂಡವರಲ್ಲಿ ಹೊಸದಾಗಿ ಕ್ಷಯ ಹತ್ತಿದವರ ಸಂಖ್ಯೆ, ಉಣ್ಣದವರಿಗಿಂತ ನೂರಕ್ಕೆ ಸುಮಾರು ೪೦ರಷ್ಟು ಕಡಮೆ. ಅದೇ ಗಾಳಿ, ಅದೇ ಕೆಮ್ಮು, ಅದೇ ಕ್ರಿಮಿ. ನಡುವೆ ಬಂದದ್ದು ಬೇಳೆ ಅನ್ನ. ಯಾವ ಸೀಸೆಯ ಮೇಲೂ ಇಂಥ ಅಂಕಿಯನ್ನು ನಾನು ಕಂಡಿಲ್ಲ.

ಈ ದೃಷ್ಟಿಯಿಂದ ನಮ್ಮ ಸೀಮೆಯ ತಟ್ಟೆಯನ್ನು ನೋಡಿರಿ. ರಾಗಿಯ ಮುದ್ದೆ, ಹುರುಳಿಕಾಳಿನ ಬಸ್ಸಾರು, ಬೆರಕೆ ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ರಾಗಿಗೂ ನೆಲ್ಲಿಗೂ ವ್ಯಾಜ್ಯವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆ ಬಿಟ್ಟಾಗ ನೆಲ್ಲು ಸತ್ವಗುಂದಿರುತ್ತದೆ, ರಾಗಿ ಕುಂದಿರುವುದಿಲ್ಲ. ಪಾಠ ಮಾಡುವಾಗ ಇದನ್ನು ನಾನು ಕುಲದ ಹಮ್ಮಿನ ಮೇಲಿನ ಕಥೆಯೆಂದೇ ಹೇಳುವುದು. ಆದರೂ ಕಣಜದ ಅನುಭವವಿಲ್ಲದ ಕವಿ ಆ ಮಾತು ಬರೆಯಲಾರ. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಮಿಗೂ ಮಿಕ್ಕು ಸುಣ್ಣದ ಅಂಶವಿದೆ; ಪಾಲಿಷು ಮಾಡಿದ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹಾಗೆಂದು ರಾಗಿಯೊಂದೇ ಸಾಲದು. ಅದರಲ್ಲಿ ಸಸಾರಜನಕ ಹೆಚ್ಚಿಲ್ಲ. ಅದಕ್ಕೇ ಹಿಂದಿನವರು ಮುದ್ದೆಯ ಪಕ್ಕಕ್ಕೆ ಹುರುಳಿ, ಅವರೆ, ಅಲಸಂದೆಗಳನ್ನು ತಂದು ಕೂರಿಸಿದರು. ಬರಿಯ ಖಾರದ ನೀರಿನಲ್ಲಿ ಮುದ್ದೆ ನುಂಗಿ ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆ ಹೇಳಿದರೆ ಬೆಟ್ಟ ಅಲ್ಲಾಡುವುದಿಲ್ಲ. ನಮ್ಮ ಮಧುಗಿರಿಯದಂತೂ ಏಕಶಿಲೆ.

ರಾಗಿಯಲ್ಲಿಯೂ ಕಾಳುಗಳಲ್ಲಿಯೂ ಕಬ್ಬಿಣದ ಅಂಶವಿದ್ದರೂ ಅದನ್ನು ಹಿಡಿದಿಟ್ಟುಕೊಳ್ಳುವ ಕೆಲವು ವಸ್ತುಗಳೂ ಇವೆ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಸಾರಿಗೆ ನಿಂಬೆಯ ಹುಳಿ ಹಿಂಡಿದರೆ, ಊಟದ ಜೊತೆ ಒಂದು ಸೀಬೆಯ ಹೋಳನ್ನೋ ಬೆಟ್ಟದ ನೆಲ್ಲಿಯ ಚೂರನ್ನೋ ಕಡಿದರೆ, ಅವುಗಳಲ್ಲಿನ ಸಿ ಜೀವಸತ್ವದಿಂದ ಕಬ್ಬಿಣ ಮೈಗೆ ಹತ್ತುತ್ತದೆ. ಊಟ ಮುಗಿದೊಡನೆ ಕಾಫಿಯನ್ನೋ ಚಹವನ್ನೋ ಕುಡಿದರೆ ಹತ್ತಬೇಕಾದದ್ದು ಹತ್ತದೆ ಹೋಗುತ್ತದೆ. ಪಟ್ಟಣದ ಮನೆಗಳಲ್ಲಿ ಈ ಊಟೋತ್ತರ ಕಾಫಿ ಒಂದು ಸಂಸ್ಕಾರವೇ ಆಗಿಬಿಟ್ಟಿದೆಯೆಂದು ಬಲ್ಲೆ. ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಒಂದು ಗಂಟೆ ತಡಮಾಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೫ಕ್ಕೂ ಹೆಚ್ಚು ಮಂದಿಗೆ, ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣವಿಲ್ಲದ ಮೈಯಲ್ಲಿ ಕಾವಲಿನ ಕಣಗಳೂ ಮಂಕಾಗಿರುತ್ತವೆ.

ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುವ ಏರ್ಪಾಡು ಇದೆ. ಒಂದು ವರ್ಷ ನಮ್ಮ ಕಿಟಕಿಯ ಹೊರಗೆ ಮಳೆ ನಿಂತ ಮೇಲೆ ಗೋಡೆಯ ಬುಡವೆಲ್ಲ ನೀಲಿ ನೀಲಿಯಾಗಿ ಕಂಡಿತು. ನೋಡಿದರೆ ಮಾತ್ರೆಗಳು! ಬರಿಯ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಮಕ್ಕಳು ಎಸೆದಿದ್ದರು. ಅಂದಿನಿಂದ ಬಿಸಿಯೂಟದ ಬಳಿಕ, ಉಪಾಧ್ಯಾಯರು ಎದುರಿಗೆ ನಿಂತು ಕೊಡುವುದಾಯಿತು. ೨೦೧೩ರಿಂದ ಶಾಲೆಗಳಿಗೆ ಹಾಲು ಬಂದಿತು. ೨೦೨೪ರಿಂದ ಹಾಲಿಗೆ ರಾಗಿಯ ಮಾಲ್ಟೂ ಸೇರಿತು. ಹಳ್ಳಿಯ ರಾಗಿ ಒಂದು ಸುತ್ತು ಹೊರಟು ಪೊಟ್ಟಣವಾಗಿ ಹಳ್ಳಿಗೇ ಬಂದಿತೆಂದು ನಮ್ಮ ಅಡುಗೆಯಾಕೆ ನಗುತ್ತಾಳೆ. ಇದೇ ಮಾಲ್ಟು ಮನೆಯಲ್ಲಿ ಮಾಡುವುದು ಕಷ್ಟವಲ್ಲ: ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದರಾಯಿತು. ಸೊಪ್ಪಿನ ವಿಷಯ ಹೇಳತೊಡಗಿದರೆ ಹೊತ್ತು ಸಾಲದು. ಅಣ್ಣೆ, ದಂಟು, ಹೊನಗೊನೆ, ನುಗ್ಗೆ, ಇವು ನಮ್ಮ ಕಡೆ ಹೊಲದ ಬದುವಿನಲ್ಲಿ ಬಿಟ್ಟಿ ಸಿಕ್ಕುವಂಥವು. ನಿಮ್ಮ ಸಂತೆಯಲ್ಲಿಯೂ ಕಂತೆಗೆ ಕಾಸಿನ ಲೆಕ್ಕ. ನುಗ್ಗೆಯ ಕಾಯಿಗೆ ಇರುವ ಮರ್ಯಾದೆ ಸೊಪ್ಪಿಗೆ ಇಲ್ಲವಲ್ಲ ಎಂಬುದು ನನ್ನ ಹಳೆಯ ಕೊರಗು.

ಕಷಾಯದ ಮಾತು ಬಂದೇ ಬರುತ್ತದೆ. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಹೆಚ್ಚು ಕುಡಿದರೆ ಹೆಚ್ಚು ರಕ್ಷೆಯೆಂಬ ಲೆಕ್ಕ ಇಲ್ಲಿ ನಡೆಯದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ದಿನವೂ ಅರೆದು ಕುಡಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದುದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಹೆಸರು ಅಮೃತವಾದರೂ ಅಳತೆ ಅಳತೆಯೇ.

ಇನ್ನು ನಿದ್ರೆ. ಇದನ್ನು ಯಾರೂ ಮದ್ದೆಂದು ಎಣಿಸುವುದಿಲ್ಲ, ಮಾರುವುದಕ್ಕೆ ಬಾರದಲ್ಲ! ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಸಂಶೋಧಕರು ೧೬೪ ಮಂದಿ ಆರೋಗ್ಯವಂತರ ಮುಂಗೈಗೆ ಒಂದು ಅಳೆಯುವ ಯಂತ್ರ ಕಟ್ಟಿ, ಒಂದು ವಾರ ಅವರು ಎಷ್ಟು ನಿದ್ರಿಸುತ್ತಾರೆಂದು ಲೆಕ್ಕವಿಟ್ಟರು. ಆಮೇಲೆ ಎಲ್ಲರ ಮೂಗಿಗೂ ನೆಗಡಿಯ ವೈರಾಣುವಿನ ತೊಟ್ಟು ಬಿಟ್ಟು, ಹೋಟೆಲೊಂದರಲ್ಲಿ ಇರಿಸಿ ಕಾದರು. ಏಳು ಗಂಟೆಗೂ ಹೆಚ್ಚು ಮಲಗುತ್ತಿದ್ದವರಿಗಿಂತ, ಆರು ಗಂಟೆಗೂ ಕಡಮೆ ಮಲಗುತ್ತಿದ್ದವರಿಗೆ ನೆಗಡಿ ಹತ್ತುವ ಸಂಭವ ನಾಲ್ಕು ಪಟ್ಟು ಹೆಚ್ಚಾಗಿತ್ತು. ಇದು ೨೦೧೫ರಲ್ಲಿ ಪ್ರಕಟವಾದ ಮಾತು. ವಯಸ್ಸು, ತೂಕ, ಹೊಗೆಯ ಚಟ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಿದ್ರೆಯ ವ್ಯತ್ಯಾಸ ಹಾಗೆಯೇ ಉಳಿಯಿತಂತೆ.

ನನ್ನ ತರಗತಿಯಲ್ಲಿ ಬೆಳಗಿನ ಮೊದಲನೆಯ ಪಿರಿಯಡ್ಡಿನಲ್ಲಿಯೇ ಮೂರು ನಾಲ್ಕು ತಲೆಗಳು ಮೇಜಿಗೆ ಒರಗುತ್ತವೆ. ಮೊದಮೊದಲು ನನ್ನ ಪಾಠದ ದೋಷವೆಂದು ತಿಳಿದೆ. ವಿಚಾರಿಸಿದರೆ ರಾತ್ರಿ ಹನ್ನೆರಡು, ಒಂದರವರೆಗೆ ಕೈಯಲ್ಲಿ ಮೊಬೈಲು. ಅವರ ತಂದೆ ತಾಯಿಗಳನ್ನು ಕರೆಸಿದರೆ ಅವರ ಕಣ್ಣುಗಳೂ ಕೆಂಪಗೇ ಇರುತ್ತವೆ. ನಿಮ್ಮ ಮನೆಯಲ್ಲಿ ಈ ಯಂತ್ರ ಮಲಗುವ ಕೋಣೆಯ ಹೊರಗೆ ಮಲಗಲಿ. ರಾತ್ರಿಯ ಊಟವನ್ನು ಎಂಟಕ್ಕೆ ಮುಗಿಸಿದರೆ ಹತ್ತಕ್ಕೆ ನಿದ್ರೆ ತಾನಾಗಿ ಬರುತ್ತದೆ. ಹತ್ತಿರದ ಹಳ್ಳಿಗಳಲ್ಲಿ ದೀಪವಿಲ್ಲದ ಕಾಲದಲ್ಲಿ ಜನ ಹೀಗೆಯೇ ಇದ್ದರು. ಅದು ಸದ್ಗುಣವಲ್ಲ, ಸೀಮೆಎಣ್ಣೆಯ ಉಳಿತಾಯ. ಆದರೂ ಲಾಭವೇನೋ ಆಯಿತು.

ಮಿಕ್ಕ ಮಾತುಗಳನ್ನು ಬೇಗ ಹೇಳಿಬಿಡುತ್ತೇನೆ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಮೈಮೇಲೆ ಸ್ವಲ್ಪ ಬಿಸಿಲೂ ಬೀಳಲಿ, ಡಿ ಜೀವಸತ್ವ ಚರ್ಮದಲ್ಲಿ ತಯಾರಾಗುವುದು ಬಿಸಿಲಿನಿಂದ. ಬೀಡಿ, ಸಿಗರೇಟು, ಎಲೆಯಡಕೆಯ ಜೊತೆಗಿನ ಹೊಗೆಸೊಪ್ಪು ಇವನ್ನು ಬಿಡದೆ ಉಳಿದುದೆಲ್ಲವನ್ನೂ ಮಾಡುವುದು, ತೂತುಬಿದ್ದ ಕೊಡಕ್ಕೆ ನೀರು ಸೇದಿದಂತೆ. ಕೈಯನ್ನು ಸೋಪಿನಿಂದ ಇಪ್ಪತ್ತು ಎಣಿಸುವಷ್ಟು ಹೊತ್ತು ಉಜ್ಜಿ ತೊಳೆಯಿರಿ. ಕೆಲವು ವೈರಾಣುಗಳ ಸುತ್ತಣ ಜಿಡ್ಡಿನ ಪೊರೆ ಸೋಪಿಗೆ ಕರಗಿಹೋಗುತ್ತದೆ. ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ. ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿರುವ ಫ್ಲೋರೈಡು ಕುದಿಸಿದರೆ ಹೋಗುವುದಿಲ್ಲ. ಅಲ್ಲಿ ಶುದ್ಧೀಕರಣದ ಘಟಕದ ನೀರೇ ಆಗಬೇಕು. ಎರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ ಇರುವುದರಿಂದ ಹೇಳಿದೆ.

ಈಗ ಆ ಕಾರಣದ ಮಾತು.

೨೦೨೦ರಲ್ಲಿ ಕೋವಿಡ್ ಬಂದಾಗ ಶಾಲೆ ಮುಚ್ಚಿತ್ತು. ಊರಿನವರು ಮೇಷ್ಟ್ರು ಓದಿದವರೆಂದು ನನ್ನನ್ನು ಕೇಳುವುದು ವಾಡಿಕೆ. ನಾನೂ ಧಾರಾಳವಾಗಿ ಹೇಳಿದೆ: ನಮ್ಮದು ರಾಗಿಯ ಸೀಮೆ, ಬಿಸಿಲಿನ ಸೀಮೆ, ನಮ್ಮ ಮೈಗೆ ಕಾವಲು ಗಟ್ಟಿ, ಪಟ್ಟಣದವರು ಹೆದರಬೇಕು, ನಾವೇಕೆ ಹೆದರಬೇಕು? ನನ್ನ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವರು ನಮ್ಮ ಅಣ್ಣ. ಆಗ ಅವರಿಗೆ ಅರವತ್ತೆರಡು. ಹೊಲದಲ್ಲಿ ಗುದ್ದಲಿ ಹಿಡಿದರೆ ಇಪ್ಪತ್ತರ ಹುಡುಗರು ಹಿಂದೆ ಬೀಳಬೇಕು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ರೆ, ಬೀಡಿ ಮುಟ್ಟಿದವರಲ್ಲ. ನಾನು ಈವರೆಗೆ ಹೇಳಿದ್ದೆಲ್ಲವನ್ನೂ ಓದದೆಯೇ ಮಾಡುತ್ತಿದ್ದವರು. ೨೦೨೧ರ ಮಾರ್ಚಿ ಒಂದರಿಂದ ಅರವತ್ತು ದಾಟಿದವರಿಗೆ ಲಸಿಕೆ ಹಾಕತೊಡಗಿದರು. ಆರೋಗ್ಯ ಕಾರ್ಯಕರ್ತೆ ಎರಡು ಸಲ ಮನೆಯ ಬಾಗಿಲಿಗೆ ಬಂದು ಕರೆದಳು. “ನನಗೇಕಮ್ಮ ಸೂಜಿ? ನಮ್ಮ ಮೇಷ್ಟ್ರು ಹೇಳಿದ್ದಾನೆ, ಮುದ್ದೆಯೇ ನಮಗೆ ಸೂಜಿ” ಎಂದು ಅವಳನ್ನು ನಗಿಸಿ ಕಳುಹಿಸಿದರಂತೆ. ಆ ವೇಳೆಗೆ ನಾನು ಬೇರೆ ಬಗೆಯಾಗಿ ಓದಿಕೊಂಡಿದ್ದೆ, ಲಸಿಕೆ ಬೇಕೆಂದು ನನಗೆ ತಿಳಿದಿತ್ತು. ಹೋದ ವರ್ಷ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಯಿತೋ, ಹೇಳಿದರಾಯಿತೆಂಬ ಉದಾಸೀನವೋ, ಹೇಳಲಿಲ್ಲ.

ಏಪ್ರಿಲ್ ಕೊನೆಗೆ ಅವರಿಗೆ ಜ್ವರ ಬಂದಿತು. ಐದನೆಯ ದಿನ ಏದುಸಿರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆಯ ಕಾಯಿಲೆ ಇರುವುದು ತಿಳಿಯಿತು, ಎಷ್ಟು ವರ್ಷಗಳಿಂದ ಇತ್ತೋ! ರಕ್ತದಲ್ಲಿ ಸಕ್ಕರೆ ಏರಿ ನಿಂತರೆ ಬಿಳಿಯ ಕಣಗಳು ತಮ್ಮ ಕೆಲಸವನ್ನು ಮರೆಯುತ್ತವೆಂದು ಅಂದು ಅಲ್ಲಿನ ವೈದ್ಯರು ನನಗೆ ಹೇಳಿದರು. ಹೊರಗಿನಿಂದ ಕೋಟೆಯಂತೆ ಕಂಡ ಮೈಯಲ್ಲಿ ಒಳಬಾಗಿಲು ತೆರೆದೇ ಇತ್ತು. ಮೇ ತಿಂಗಳ ಎರಡನೆಯ ವಾರ ಅಣ್ಣ ತೀರಿಕೊಂಡರು.

ಆದ ಕಾರಣ ಎರಡು ಮಾತುಗಳನ್ನು ಬಿಡಿಸಿ ಹೇಳುತ್ತೇನೆ. ಒಂದು, ಮೂವತ್ತು ದಾಟಿದವರು, ಮೈಯಲ್ಲಿ ಏನೂ ತೊಂದರೆ ಕಾಣದಿದ್ದರೂ, ವರ್ಷಕ್ಕೊಮ್ಮೆ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ನೋಡಿಸಿಕೊಳ್ಳಿರಿ. ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ದುಡ್ಡಿಲ್ಲ. ಎರಡು, ಅನ್ನ ನಿದ್ರೆಗಳು ಕಾವಲುಗಾರನಿಗೆ ಕಸುವು ಕೊಡುತ್ತವೆ, ಆದರೆ ಹೊಸ ಶತ್ರುವಿನ ಮುಖವನ್ನು ಪರಿಚಯ ಮಾಡಿಕೊಡುವುದಿಲ್ಲ. ಆ ಪರಿಚಯ ಮಾಡಿಕೊಡುವುದು ಲಸಿಕೆ. ೧೭೯೬ರಲ್ಲಿ ಇಂಗ್ಲೆಂಡಿನ ಜೆನ್ನರ್, ಹಸುವಿನ ಸಿಡುಬು ತಗುಲಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲವೆಂಬುದನ್ನು ಹಿಡಿದು ಅದನ್ನು ಕಂಡುಹಿಡಿದ. ಸೌಮ್ಯವಾದ ಒಂದು ರೋಗವೇ ಭಯಂಕರವಾದ ಇನ್ನೊಂದನ್ನು ತಡೆಯಿತು. ಇದನ್ನು ಬರೆಯುವಾಗ ನನಗೆ ತಟ್ಟನೆ ನೆನಪಾಯಿತು: ‘ರೋಗವೇ ನಿರೋಧಕವಾಗಿ ಉಳ್ಳದ್ದು’. ಹುಡುಗನ ಬಹುವ್ರೀಹಿಗೆ ಅರ್ಥವಿತ್ತು! ಕಳೆದ ಅಂಕದಲ್ಲಿ ಅರ್ಧವನ್ನು ಮಾರನೆಯ ದಿನವೇ ಹಿಂದಕ್ಕೆ ಕೊಟ್ಟೆ.

ಈ ಲಸಿಕೆಗೆ ನಮ್ಮ ನಾಡಿನಲ್ಲಿ ಹಿರಿಯ ಇತಿಹಾಸವೂ ಉಂಟು. ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಒಂದು ಚಿತ್ರದಲ್ಲಿ ಮೂವರು ರಾಜಸ್ತ್ರೀಯರು ನಿಂತಿದ್ದಾರೆ. ಅವರು ಮೈಸೂರು ಅರಮನೆಯ ರಾಣಿಯರೆಂದೂ, ಅವರಲ್ಲೊಬ್ಬರು ಸೆರಗು ಸರಿಸಿ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ತೋಳನ್ನೆಂದೂ ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಗುರುತಿಸಿದ್ದಾರೆ. ಪ್ರಜೆಗಳ ಭಯ ಬಿಡಿಸುವುದಕ್ಕೆ ಅರಮನೆಯ ತೋಳೇ ಮುಂದಾಯಿತು. ‘ಅಮ್ಮ’ ಎಂದು ಹೆದರಿ ಕೈಮುಗಿಯುತ್ತಿದ್ದ ಆ ಸಿಡುಬು ೧೯೭೫ರಲ್ಲಿ ಭಾರತದಿಂದ ಹೋಯಿತು, ೧೯೮೦ರಲ್ಲಿ ಲೋಕದಿಂದಲೇ ಹೋಯಿತೆಂದು ಸಾರಲಾಯಿತು. ಪೋಲಿಯೋ ೨೦೧೧ರಲ್ಲಿ ಕಡೆಯ ಸಲ ನಮ್ಮ ದೇಶದಲ್ಲಿ ಕಾಣಿಸಿತು. ಸಿಡುಬಿನ ಲಸಿಕೆಯ ಗುಂಡು ಗುರುತು ನನ್ನ ತೋಳಿನಲ್ಲಿದೆ. ಅಣ್ಣನ ತೋಳಿನಲ್ಲಿಯೂ ಇತ್ತು. ಹೊಲದಲ್ಲಿ ಅಂಗಿ ಬಿಚ್ಚಿ ದುಡಿಯುವಾಗ ಎಷ್ಟೋ ಸಲ ಅದನ್ನು ನೋಡಿದ್ದೇನೆ.

ಲಸಿಕೆ ಹಾಕಿಸಿಕೊಂಡ ಮಾತ್ರಕ್ಕೆ ಕಾಯಿಲೆ ಬಾರದೆಂದಲ್ಲ. ಬಂದರೂ ಪ್ರಾಣಕ್ಕೆ ಎರವಾಗುವ ಸಂಭವ ಬಹಳ ಕಡಮೆಯಾಗುತ್ತದೆ. ಹಾಗೆಯೇ, ರಾತ್ರಿ ನಿದ್ರೆಗೆಟ್ಟವರಲ್ಲಿ ಲಸಿಕೆ ಹಾಕಿದ ಮೇಲೂ ಪ್ರತಿಕಾಯಗಳು ಕಡಮೆ ಹುಟ್ಟುತ್ತವೆಂದು ೨೦೦೨ರಲ್ಲಿ ಪ್ರಕಟವಾದ ಷಿಕಾಗೋದ ಒಂದು ಪ್ರಯೋಗ ತೋರಿಸಿತು. ಸೂಜಿಗೂ ಹಾಸಿಗೆಗೂ ಸಂಬಂಧವಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ ಯಾವ ಯಾವ ಲಸಿಕೆ ಬೇಕೆಂದು ನಿಮ್ಮ ವೈದ್ಯರನ್ನು ಕೇಳಿರಿ. ಲಸಿಕೆಯೆಂದರೆ ಮಕ್ಕಳಿಗೆ ಮಾತ್ರ ಎಂಬುದು ಹಳೆಯ ಎಣಿಕೆ.

ಅತ್ತಿಗೆ ಆ ವರ್ಷವೇ ಜೂನ್ ತಿಂಗಳಲ್ಲಿ ಲಸಿಕೆ ಹಾಕಿಸಿಕೊಂಡರು. ನಾನೇ ಕರೆದುಕೊಂಡು ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತಿರಬೇಕೆಂದು ಹೇಳಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಸೂಜಿ ಆವತ್ತೂ ಇಲ್ಲೇ ಇತ್ತಲ್ಲವೆ?” ಎಂದು ಕೇಳಿದರು. “ಇತ್ತು” ಎಂದೆ. ಅವರು ಮತ್ತೇನನ್ನೂ ಕೇಳಲಿಲ್ಲ.

ಕಳೆದ ವರ್ಷ ನಮ್ಮ ಶಾಲೆಯ ಹತ್ತನೆಯ ತರಗತಿಯವರಿಗೆ ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆ ಹಾಕುವುದಕ್ಕೆ ಆರೋಗ್ಯ ಇಲಾಖೆಯವರು ಬಂದಿದ್ದರು. ಅಣ್ಣನ ಮೊಮ್ಮಗ ಆ ತರಗತಿಯಲ್ಲಿದ್ದ. ಸೂಜಿ ಎಂದರೆ ಅವನಿಗೆ ಜೀವ ಹೋಗುತ್ತದೆ. ಅಂದು ಶಾಲೆಗೆ ತಪ್ಪಿಸಿಕೊಳ್ಳುವನೆಂದೇ ತಿಳಿದಿದ್ದೆ. ಹತ್ತು ಗಂಟೆಗೆ ನೋಡಿದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಾನೆ, ತೋಳು ಮಡಿಸಿಕೊಂಡು, ಮುಖ ಆ ಕಡೆಗೆ ತಿರುಗಿಸಿಕೊಂಡು. ಗೇಟಿನ ಹತ್ತಿರ ಹೊಂಗೆಯ ಮರದ ನೆರಳಲ್ಲಿ ಅತ್ತಿಗೆ ಕುಳಿತಿದ್ದರು. ಮನೆಯಿಂದ ಅವನ ಕೈಹಿಡಿದು ಕರೆತಂದವರು ಅವರೇ. ಮಡಿಲಲ್ಲಿ ಒಂದು ಡಬ್ಬಿ. ಸೂಜಿಯಾದ ಮೇಲೆ ಹುಡುಗನಿಗೆ ಕೊಡುವುದಕ್ಕೆಂದು ರಾಗಿಯ ಹುರಿಟ್ಟಿಗೆ ಬೆಲ್ಲ ಕಲಸಿ ತಂದಿದ್ದರು.